ಐದಕ್ಕೆ ಐದು

ಏಳು ಗಂಟೆ ನಲವತ್ತು ನಿಮಿಷ. ಏಳೂವರೆ ದಾಟಿತ್ತು ಎಂದರೆ ಸಾಲದು, ಎಂಟಾಗುತ್ತ ಬಂದಿತ್ತು ಎಂದರೂ ಸಾಲದು. ಏಳು ನಲವತ್ತಕ್ಕೆ ನಾನು ಕುರ್ಚಿ ಎಳೆದು ಕೂತೆ, ಕೂತವಳೇ ಗಡಿಯಾರ ನೋಡಿದೆ, ಅಷ್ಟರಲ್ಲಿ ಮೂಗಿಗೆ ಅದು ಬಂತು.

ಹೋಟೆಲಿನಲ್ಲಿ ಕೂತ ಕೂಡಲೇ ಗಡಿಯಾರ ನೋಡುವುದು ನಮ್ಮ ಮನೆಯವರ ಚಟ. ಕೂತಲ್ಲಿಂದ ನೀರಿನ ಲೋಟ ಮೇಜಿಗೆ ಬರುವ ತನಕ ಎಷ್ಟು ನಿಮಿಷ ಎಂದು ನೋಡಿಕೊಳ್ಳುತ್ತೇವೆ. ಎರಡು ನಿಮಿಷದೊಳಗೆ ಬಂದರೆ ಒಳ್ಳೆಯ ಮ್ಯಾನೇಜರ್ ಇದ್ದಾನೆ. ನಾಲ್ಕಾದರೆ ಕೆಲಸದವರು ಕಡಿಮೆ. ಆರಾದರೆ ಪಾಲುದಾರರೊಳಗೇ ಮನಸ್ತಾಪ ನಡೆದಿದೆ. ಅಪ್ಪಯ್ಯ ಇದನ್ನು ನನಗೆ ಹೇಳಿಕೊಟ್ಟದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಗಡಿಯಾರದ ಮುಳ್ಳು ನೋಡಲು ಕಲಿಸುವ ನೆಪದಲ್ಲಿ. ಕುಂದಾಪುರದ ಕಡೆಯಿಂದ ಬಂದ ಅಪ್ಪಯ್ಯ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದುಡಿದವರು. ಮೊದಲು ಒಳಗೆ ಒಲೆಯ ಮುಂದೆ, ಆಮೇಲೆ ಹೊರಗೆ ಗಲ್ಲಾದ ಹಿಂದೆ. ಬೇರೆ ಮಕ್ಕಳ ಅಪ್ಪಂದಿರು ಸಂಜೆ ಬಂದಾಗ ಲೋಕಲ್ ಟ್ರೇನಿನ ಬೆವರು ನಾರುತ್ತಿದ್ದರೆ ನಮ್ಮ ಅಪ್ಪಯ್ಯನ ಅಂಗಿ ಒಗ್ಗರಣೆ ನಾರುತ್ತಿತ್ತು. ಆ ವಾಸನೆಗೆ ನಾಚಿ ಒಂದು ಕಾಲದಲ್ಲಿ ನಾನು ಗೆಳತಿಯರಿಗೆ ಅಪ್ಪ ಬ್ಯಾಂಕಿನಲ್ಲಿದ್ದಾರೆ ಎಂದು ಹೇಳಿಕೊಂಡು ತಿರುಗಿದ್ದೂ ಉಂಟು. ಬ್ಯಾಂಕಿನವರ ಅಂಗಿಗೆ ಇಂಗಿನ ಪರಿಮಳ ಎಲ್ಲಿಂದ ಬಂತು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ನೋಡಿ, ಎಲ್ಲಿಗೋ ಹೋಗಿಬಿಟ್ಟೆ. ಆ ಸಂಜೆಯ ಹತ್ತಿರ ಬಂದಾಗಲೆಲ್ಲ ನನಗೆ ಹೀಗೇ ಆಗುತ್ತದೆ.

ವಾಶಿಯ ಒಂದು ಮಾಲ್. ಎರಡನೇ ಮಹಡಿಯಲ್ಲಿ ಕಿತ್ತಳೆ ಬಣ್ಣದ ಬೋರ್ಡಿನ ಒಂದು ರೆಸ್ಟೋರೆಂಟ್. ಠಾಣೆಯಲ್ಲಿ ಒಂದು, ಕಲ್ಯಾಣದಲ್ಲಿ ಒಂದು, ಹೀಗೆ ಊರೂರಿಗೆ ಒಂದೇ ಬಣ್ಣದ ಕುರ್ಚಿ, ಒಂದೇ ಮೆನು ಕಾರ್ಡು, ಒಂದೇ ನಗುವಿನ ಶಾಖೆಗಳಿರುತ್ತವಲ್ಲ, ಅಂಥದ್ದು. ಹೆಸರು ಬೇಡ. ಬೇಲಾಪುರದ ಆಫೀಸಿನಲ್ಲಿ ನನಗೆ ಬಡ್ತಿ ಸಿಕ್ಕಿತ್ತು. ಗಂಡನಿಗೆ ಆ ಭಾನುವಾರ ಡ್ಯೂಟಿ. ನಾನು, ಅಪ್ಪಯ್ಯ, ಒಂಬತ್ತು ವರ್ಷದ ಮಗಳು ಇಶಾ, ಮೂವರೇ ಡೊಂಬಿವಲಿಯಿಂದ ಹೊರಟು ಏಳು ಹತ್ತಕ್ಕೆ ಅಲ್ಲಿ ತಲುಪಿದೆವು. ಬಾಗಿಲಲ್ಲೇ ಒಂದು ಎತ್ತರದ ಮೇಜಿನ ಹಿಂದೆ ಸುಮಾರು ಮೂವತ್ತೈದರ ಹೆಂಗಸೊಬ್ಬಳು ಬಂದವರ ಹೆಸರು, ಫೋನ್ ನಂಬರು, ಬಂದ ಹೊತ್ತು ಬರೆದುಕೊಂಡು ಟೋಕನ್ ಕೊಡುತ್ತಿದ್ದಳು. ಎದೆಯ ಮೇಲೆ ಸುನೀತಾ ಎಂಬ ಪಟ್ಟಿ. ಅರ್ಧ ಗಂಟೆ ನಾವು ಅವಳೆದುರಿನ ಬೆಂಚಿನಲ್ಲೇ ಕೂತಿದ್ದೆವು. ಜಾಗ ಸಿಗದೆ ಸಿಡಿಮಿಡಿಗೊಂಡವರಿಗೆಲ್ಲ ಅವಳು ಒಂದೇ ಹದದಲ್ಲಿ ಸಮಾಧಾನ ಹೇಳುತ್ತಿದ್ದುದನ್ನು ಕಂಡು ಅಪ್ಪಯ್ಯ, ಇಂಥವಳೊಬ್ಬಳು ನಮ್ಮ ಗಲ್ಲಾದಲ್ಲಿದ್ದಿದ್ದರೆ ನನ್ನ ರಕ್ತದೊತ್ತಡ ಏರುತ್ತಲೇ ಇರಲಿಲ್ಲ ಎಂದರು. ಅವಳು ಅಲ್ಲಿಂದ ಒಮ್ಮೆಯೂ ಕದಲಲಿಲ್ಲ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ಏಳು ನಲವತ್ತಕ್ಕೆ ಬಾಗಿಲ ಮೇಜನ್ನು ಇನ್ನೊಬ್ಬರಿಗೆ ಒಪ್ಪಿಸಿ ಅವಳೇ ಬಂದು ನಮ್ಮನ್ನು ಕೂರಿಸಿದಳು. ಯಾರೂ ಬೇಡವೆನ್ನುವ ಜಾಗ, ತಟ್ಟೆ ಕಾಯಿಸಿ ಬಡಿಸಿ ಕಳಿಸುವ ಪ್ಯಾಂಟ್ರಿಯ ಎರಡು ಕಡೆ ತೂಗುವ ಬಾಗಿಲಿನ ಪಕ್ಕ. ಅಪ್ಪಯ್ಯನಿಗೆ ಅದೇ ಇಷ್ಟ. ಅಡುಗೆಮನೆಯ ಸದ್ದು ಕೇಳದಿದ್ದರೆ ಅವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಆಗ ಬಂದದ್ದು ಗ್ಯಾಸಿನ ವಾಸನೆ. ಹೋಟೆಲಿನವರ ಮಕ್ಕಳಿಗೆ ಇದನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಕೊಳೆತ ಎಲೆಕೋಸಿನದು ಬೇರೆ, ಮೋರಿಯದು ಬೇರೆ, ಗಾಳಿ ತಿರುಗಿದಾಗ ನಮ್ಮ ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಬರುವ ಬಗೆಬಗೆಯ ವಾಸನೆಗಳು ಬೇರೆ. ಇದು ಗ್ಯಾಸ್. ತೆಳುವಾಗಿ, ಬಾಗಿಲು ತೂಗಿದಾಗಷ್ಟೇ ಬಂದು ಹೋಗುತ್ತಿತ್ತು.

ಇಶಾ ಮೂಗು ಹಿಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

"ಮಮ್ಮಿ, ಗ್ಯಾಸ್ ಕೀ ಬದ್‌ಬೂ ಆ ರಹೀ ಹೈ."

ನಾನು ಅವಳ ಮೊಣಕೈ ಒತ್ತಿ, "ಶ್! ಬೇರೆಯವ್ರ್ ಹೋಟ್ಲಲ್ ಕೂಕಂಡ್ ಹಂಗೆಲ್ಲ ಹೇಳುಕಾಗ" ಎಂದೆ.

ಇದು ನಿಮಗೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಅದು ರೂಢಿ. ಹೋಟೆಲಿನವರು ಇನ್ನೊಬ್ಬರ ಹೋಟೆಲಿನಲ್ಲಿ ಕೂತು ಹುಳುಕು ತೆಗೆಯುವಂತಿಲ್ಲ. ನಾನು ಚಿಕ್ಕವಳಿದ್ದಾಗ ಕಲ್ಯಾಣದಲ್ಲಿ ಅಪ್ಪಯ್ಯನ ಪರಿಚಯದವರ ಹೋಟೆಲಿಗೆ ಹೋಗಿದ್ದೆವು. ಸಾಂಬಾರು ಹಳಸಿತ್ತು. ನಾನು ಮುಖ ಕಿವಿಚಿದೆ, ಅಮ್ಮ ಮೇಜಿನಡಿ ನನ್ನ ತೊಡೆ ಚಿವುಟಿದಳು. ಅಪ್ಪಯ್ಯ ಎರಡು ಬಟ್ಟಲು ಸಾಂಬಾರು ಕುಡಿದು, ಗಲ್ಲಾದಲ್ಲಿದ್ದ ಮಾಲೀಕರಿಗೆ ಕೇಳುವಂತೆ ಬಹಳ ಚೆನ್ನಾಗಿದೆ ಎಂದರು. ಆಮೇಲೆ ಬೀಡಿ ಸೇದುವ ನೆಪದಲ್ಲಿ ಹಿಂದಿನ ಬಾಗಿಲಿಗೆ ಹೋಗಿ, ಅಡುಗೆಯ ಭಟ್ಟರ ಕಿವಿಯ ಹತ್ತಿರ, ಸಾಂಬಾರಿಗೆ ಸ್ವಲ್ಪ ಬಿಸಿಲು ತಾಗಿದ ಹಾಗೆ ಕಾಣುತ್ತದೆ ಎಂದು ಹೇಳಿ ಬಂದರು. ಅಪ್ಪಯ್ಯ ಬೀಡಿ ಸೇದುವವರೇ ಅಲ್ಲ. ಒಳಗೆ ಪಾತ್ರೆ ಬರಿದಾಗುವ ಸದ್ದು ನನಗೂ ಕೇಳಿತು. ಮುಂದೆ ಕೂತಿದ್ದ ಯಾವ ಗಿರಾಕಿಗೂ ಏನೂ ಗೊತ್ತಾಗಲಿಲ್ಲ, ಮಾಲೀಕರ ಮಾನ ಉಳಿಯಿತು, ಹೊಸ ಸಾಂಬಾರು ಬಂತು. ಮುಂದೆ ಹೊಗಳುವುದು, ಹಿಂದೆ ಹೋಗಿ ಹೇಳುವುದು. ಇದಕ್ಕಿಂತ ಒಳ್ಳೆಯ ಏರ್ಪಾಡು ಲೋಕದಲ್ಲಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಕಡೆಗೂ ಈ ಕಿತ್ತಳೆ ಬಣ್ಣದವು, ಕೆಂಪು ಬಣ್ಣದವು ಒಂದೊಂದಾಗಿ ಬಂದವು. ಊಟ ಮುಗಿದ ಮೇಲೆ ಒಂದು ಕಾರ್ಡು ಕೊಟ್ಟು, ನಿಮ್ಮ ಅನುಭವ ಹೇಗಿತ್ತು ಎಂದು ಕೇಳುವ ಪದ್ಧತಿಯೂ ಬಂತು. ಅಳುವ ಮುಖದಿಂದ ನಗುವ ಮುಖದವರೆಗೆ ಐದು ಚಿತ್ರ. ಅಪ್ಪಯ್ಯನಿಗೆ ಅದನ್ನು ಮೊದಲ ಸಲ ಕಂಡಾಗ, ತಿಂದವನ ಮುಖ ನೋಡಿದರೆ ಗೊತ್ತಾಗುವುದಕ್ಕೆ ಕಾಗದ ಯಾಕೆ ಎಂದು ಸಂಶಯ. ಆದರೂ ಎಲ್ಲಿ ಹೋದರೂ ಐದನೆಯ ಮುಖಕ್ಕೇ ಗುರುತು ಹಾಕುತ್ತಿದ್ದರು. ಕಲ್ಯಾಣದಲ್ಲಿ ಒಮ್ಮೆ ಪಿಜ್ಜಾ ಚಪ್ಪಲಿಯ ಅಟ್ಟೆಯಂತೆ ಎಳೆದಷ್ಟೂ ಬರುತ್ತಿತ್ತು. ಐದು. ಠಾಣೆಯ ಒಂದು ಕಡೆ, ಇಷ್ಟವಾದರೆ ಹೊಡೆಯಿರಿ ಎಂದು ಬಾಗಿಲಲ್ಲಿ ಗಂಟೆ ಕಟ್ಟಿದ್ದರು. ಅಪ್ಪಯ್ಯ ದೇವಸ್ಥಾನದಲ್ಲಿ ಹೊಡೆದಂತೆ ಮೂರು ಸಲ ಹೊಡೆದು ಚಪ್ಪಲಿ ಬಿಡಲು ಹೋಗಿದ್ದರು. ನಾನೂ ಅಷ್ಟೇ. ಬಿ.ಕಾಂ. ಓದಿ, ಆಫೀಸಿನಲ್ಲಿ ಹತ್ತು ಜನರ ಕೆಲಸದ ತಪ್ಪು ಹುಡುಕುವ ಹುದ್ದೆಯಲ್ಲಿದ್ದರೂ ಆ ಕಾರ್ಡು ಕೈಗೆ ಬಂದರೆ ಪೆನ್ನು ತಾನಾಗಿ ಐದರ ಕಡೆ ಹೋಗುತ್ತದೆ.

ಹಾಗಾಗಿ ಏಳು ನಲವತ್ತೊಂದಕ್ಕೆ ಮಗಳ ಬಾಯಿ ಮುಚ್ಚಿಸಿದೆ. ನಲವತ್ತನಾಲ್ಕಕ್ಕೆ ನೀರು ಬಂತು. ಸುನೀತಾ ನಗುತ್ತ ಏನು ಬೇಕೆಂದು ಕೇಳಿದಳು, ನಾನೂ ನಗುತ್ತ ಹೇಳಿದೆ. ಆ ಕ್ಷಣದಲ್ಲಿ ಒಂದು ಮಾತು ಸೇರಿಸಬಹುದಿತ್ತು. ಪನೀರ್ ಸಿಜ್ಲರ್, ಎರಡು ರೋಟಿ, ಒಳಗೆ ಗ್ಯಾಸ್ ಸೋರುತ್ತಿದೆ ನೋಡಮ್ಮಾ. ಇಷ್ಟೇ. ಬದಲಿಗೆ ನಾನು, ಖಾರ ಕಡಿಮೆ ಇರಲಿ ಎಂದೆ. ನಲವತ್ತೈದಕ್ಕೆ ಅವಳು ತೂಗುಬಾಗಿಲು ತಳ್ಳಿ ಒಳಗೆ ಹೋಗಿ, ಅರೆನಿಮಿಷದಲ್ಲಿ ಬಂದು ಬೇರೆ ಮೇಜಿಗೆ ನೀರು ಕೊಂಡುಹೋದಳು. ಅಪ್ಪಯ್ಯ ಕೈ ತೊಳೆದು ಬರುತ್ತೇನೆಂದು ಎದ್ದರು. ಏಳು ಐವತ್ತೆರಡಕ್ಕೆ ಅವಳು ಮತ್ತೆ ಒಳಗೆ ಹೋದಳು.

ಸದ್ದು ದೊಡ್ಡದಿರಲಿಲ್ಲ. ಒದ್ದೆ ಕಂಬಳಿಯನ್ನು ಯಾರೋ ಜೋರಾಗಿ ಕೊಡವಿದಂತೆ. ತೂಗುಬಾಗಿಲು ನಮ್ಮ ಕಡೆಗೆ ಬಡಿದು ತೆರೆಯಿತು. ನೀಲಿ ಬೆಂಕಿ ನಾಲಗೆಯಷ್ಟೇ ಹೊರಗೆ ಚಾಚಿ ಒಳಗೆ ಹೋಯಿತು. ಬಾಗಿಲ ಮೇಲಿನ ಗಾಜು ಉದುರಿತು. ದೀಪ ಹೋಯಿತು. ನಾನು ಇಶಾಳನ್ನು ಎತ್ತಿಕೊಂಡು, ಒಂಬತ್ತು ವರ್ಷದ ಮಗುವನ್ನು ಎತ್ತಲು ನನಗೆ ಆಗುವುದಿಲ್ಲ, ಆದರೂ ಎತ್ತಿಕೊಂಡು ಯಾರ್ಯಾರನ್ನೋ ತಳ್ಳಿ ಎಸ್ಕಲೇಟರಿನ ಬಳಿ ಬಂದೆ. ಬಂದ ಮೇಲೆ ಅಪ್ಪಯ್ಯ ಇಲ್ಲ ಎಂಬುದು ತಿಳಿಯಿತು. ಕೈ ತೊಳೆಯುವ ಜಾಗ ಪ್ಯಾಂಟ್ರಿಯ ಗೋಡೆಗೆ ಅಂಟಿಕೊಂಡೇ ಇತ್ತು. ಒಳಗೆ ಬಿಡುವುದಿಲ್ಲ ಎಂದು ಕಾವಲಿನವನು ಅಡ್ಡ ನಿಂತ. ಹನ್ನೊಂದು ನಿಮಿಷ. ಅದನ್ನೂ ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಹನ್ನೊಂದು ನಿಮಿಷವಾದ ಮೇಲೆ ಅಪ್ಪಯ್ಯ ಬಂದರು, ಸುನೀತಾಳ ಭುಜ ಹಿಡಿದುಕೊಂಡು. ಅವರ ಅಂಗಿ ಎಲ್ಲ ಒದ್ದೆ. ಅವಳ ಬಲಗೈ ಮೊಣಕೈ ತನಕ ಕೆಂಪಗೆ ಬೆಂದಿತ್ತು. ಹೊರಗೆ ಓಡಿ ಬಂದವಳನ್ನು ಅಪ್ಪಯ್ಯ ಬೇಸಿನ್ನಿನ ಹತ್ತಿರ ತಡೆದು, ಅಷ್ಟು ಹೊತ್ತೂ ನಲ್ಲಿಯ ನೀರು ಆ ಕೈಯ ಮೇಲೆ ಬಿಡುತ್ತ ನಿಂತಿದ್ದರಂತೆ. ಯಾರೋ ಟೂತ್‌ಪೇಸ್ಟ್ ತಂದರೆ ಗದರಿ ಕಳಿಸಿದರಂತೆ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾವು ಟ್ರೇನು ಹತ್ತಿದೆವು.

ಮರುದಿನ ಹನ್ನೊಂದು ಗಂಟೆಗೆ ಆಫೀಸಿನಲ್ಲಿದ್ದಾಗ ಫೋನ್ ಬಂತು. ಟೋಕನ್ ಪುಸ್ತಕದಲ್ಲಿ ಬರೆಸಿದ್ದ ನಂಬರಿಗೆ. ಮಾತಾಡಿದ್ದು ಮನುಷ್ಯರಲ್ಲ, ಮೊದಲೇ ಹೇಳಿಸಿಟ್ಟ ಧ್ವನಿ. ನಿನ್ನೆ ನಮ್ಮಲ್ಲಿಗೆ ಬಂದದ್ದಕ್ಕೆ ಧನ್ಯವಾದಗಳು, ನಿಮ್ಮ ಅನುಭವಕ್ಕೆ ಒಂದರಿಂದ ಐದರೊಳಗೆ ಎಷ್ಟು ಕೊಡುತ್ತೀರಿ, ಆ ಅಂಕೆಯನ್ನು ಒತ್ತಿ ಎಂದಿತು.

ನಾನು ಐದು ಒತ್ತಿದೆ.

ನಗಬೇಡಿ. ನಗುವುದಾದರೂ ಸರಿ, ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಬೆರಳು ಒತ್ತಿದ ಮೇಲೆ ತಲೆಗೆ ಗೊತ್ತಾಯಿತು. ಬಹಳ ಸಂತೋಷ, ಮತ್ತೆ ಬನ್ನಿ ಎಂದಿತು ಧ್ವನಿ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಸುಮ್ಮನೆ ತೂಗುವ ಬಾಗಿಲು. ಎದ್ದು ಹೋಗಿ ಮನೆಯ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡುವುದು, ಬಂದು ಮಲಗುವುದು, ಸರಿಯಾಗಿ ಮುಟ್ಟಿದೆನೇ ಎಂದು ಮತ್ತೆ ಏಳುವುದು. ಹಗಲಲ್ಲಿ ಹೋದಲ್ಲೆಲ್ಲ ಗಾಳಿ ಮೂಸುವುದು. ಲಿಫ್ಟಿನಲ್ಲಿ ಮೂಸಿದೆ, ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಮೂಸಿದೆ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿದವರ ಹಿಂದೆ ನಿಂತು ಮೂಸಿ, ನಿಮಗೂ ಬೇಕಾ ಮೇಡಂ ಎಂದು ಒಬ್ಬರಿಂದ ಅರ್ಧ ಚಪಾತಿಯನ್ನೂ ಪಡೆದೆ. ಗಂಡ ಡಾಕ್ಟರರ ಹತ್ತಿರ ಹೋಗೋಣ ಎಂದ. ಡಾಕ್ಟರರಿಗೆ ಏನು ಹೇಳಲಿ? ಬೆಂಕಿ ಕಂಡು ಹೆದರಿದ್ದೇನೆ ಎಂದರೆ ಅರ್ಧ ಸುಳ್ಳು. ಬೆಂಕಿಯನ್ನು ನಾನು ನೋಡಿದ್ದು ಒಂದು ಕ್ಷಣ. ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಅದರ ಹಿಂದಿನ ಹನ್ನೆರಡು ನಿಮಿಷ. ಅದರಲ್ಲಿ ಏನೂ ನಡೆಯುವುದೇ ಇಲ್ಲ. ಒಬ್ಬಳು ಮೆನು ಕಾರ್ಡು ಓದುತ್ತಾಳೆ.

ಮೂರು ವಾರದ ಮೇಲೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಸುನೀತಾ ಕಂಡಳು. ನಾನು ಕಂಡೂ ಕಾಣದಂತೆ ತಿರುಗುವಷ್ಟರಲ್ಲಿ ಅವಳೇ ಗುರುತು ಹಿಡಿದಳು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಬಂತು, ಇಬ್ಬರೂ ಒಂದೇ ಡಬ್ಬಿಗೆ ತಳ್ಳಿಸಿಕೊಂಡೆವು. ಅವಳು ಅಲ್ಲಿಂದ ಮೂರನೆಯ ಸ್ಟೇಷನ್ ದಿವಾದವಳು. ಕೈಗೆ ಇನ್ನೂ ಪಟ್ಟಿ ಇತ್ತು. ಎಡಗೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ಬಲಗೈಯನ್ನು ಜನರಿಂದ ಕಾಪಾಡಿಕೊಳ್ಳುತ್ತ, ಕಾಕಾ ಹೇಗಿದ್ದಾರೆ, ಅವರು ನೀರು ಬಿಟ್ಟದ್ದರಿಂದ ಕೈ ಉಳಿಯಿತೆಂದು ಡಾಕ್ಟರರು ಹೇಳಿದರು ಎಂದಳು. ಕೆಲಸಕ್ಕೆ ಯಾವಾಗಿಂದ ಎಂದು ಕೇಳಿದೆ. ಕಳವಾ ದಾಟುವಾಗ ಅವಳು ಹೇಳಿದ್ದು ಇಷ್ಟು: ಕೆಲಸವಿಲ್ಲ. ವಿಚಾರಣೆ ಮುಗಿಯುವ ತನಕ ಬರಬೇಡ ಎಂದಿದ್ದಾರೆ. ಏಳು ನಲವತ್ತೈದಕ್ಕೆ ಅವಳು ಪ್ಯಾಂಟ್ರಿಗೆ ಹೋದಾಗ ಸಿಜ್ಲರ್ ತಟ್ಟೆ ಕಾಯಿಸುವ ಒಲೆಯ ಗುಂಡಿ ತಿರುಗಿಸಿ, ಹೊತ್ತಿಸಲು ಮರೆತು ಹೊರಗೆ ಬಂದಿದ್ದಾಳೆ, ಏಳು ನಿಮಿಷ ಗ್ಯಾಸ್ ತುಂಬಿದೆ, ಮತ್ತೆ ಹೋಗಿ ಲೈಟರ್ ಒತ್ತಿದ್ದಾಳೆ ಎಂದು ಬರೆದಿದ್ದಾರೆ. ಅವಳು ಆಗ ಆರ್ಡರ್ ಚೀಟಿ ಸಿಕ್ಕಿಸಿ ಬಂದದ್ದಷ್ಟೇ ಅಂತೆ. ಒಲೆ ಮುಟ್ಟಲೇ ಇಲ್ಲವಂತೆ. ಲೈಟರ್ ಒತ್ತಿದ್ದು ಎರಡನೆಯ ಸಲ ಹೋದಾಗ, ಮಸಾಲೆಯ ಘಾಟಿನಲ್ಲಿ ವಾಸನೆ ತಿಳಿಯದೆ. ಯಾರು ನಂಬುತ್ತಾರೆ. ತಪ್ಪು ಅವಳದೇ ಎಂದಾದರೆ ಈ ಕಂಪನಿಯ ಯಾವ ಶಾಖೆಯಲ್ಲೂ ತೆಗೆದುಕೊಳ್ಳುವುದಿಲ್ಲ, ಬೇರೆಯವರೂ ಕೇಳಿ ತಿಳಿದುಕೊಳ್ಳುತ್ತಾರೆ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಏಳು ನಲವತ್ತಕ್ಕೇ ವಾಸನೆ ಇತ್ತು. ಅದಕ್ಕೆ ಮೊದಲಿನ ಅರ್ಧ ಗಂಟೆ ಅವಳು ನನ್ನ ಕಣ್ಣೆದುರು ಬಾಗಿಲಲ್ಲಿದ್ದಳು. ಈ ಎರಡು ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ಹೇಳಿದರೆ ಅದರ ಹಿಂದೆಯೇ ಮೂರನೆಯದು ಬರುತ್ತದೆ, ಗೊತ್ತಿದ್ದೂ ನಾನು ಹೇಳಲಿಲ್ಲ ಎಂಬುದು. ಮುಂಬ್ರಾ ಬಂತು. ಸುರಂಗದ ಕತ್ತಲಲ್ಲಿ ಹೇಳೋಣವೆಂದುಕೊಂಡೆ. ದಿವಾ ಬಂತು. ಅವಳು ಇಳಿದು, ಪಟ್ಟಿ ಕಟ್ಟಿದ ಕೈಯನ್ನು ಒಂದಿಷ್ಟು ಎತ್ತಿ ತೋರಿಸಿ ಜನರಲ್ಲಿ ಸೇರಿಹೋದಳು.

ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಅಪ್ಪಯ್ಯನ ಮುಂದೆ ಎಲ್ಲ ಹೇಳಿದೆ. ವಾಸನೆ ಬಂದದ್ದು, ಮಗಳ ಬಾಯಿ ಮುಚ್ಚಿಸಿದ್ದು, ಐದು ಒತ್ತಿದ್ದು. ಅವರು ಬಾಲ್ಕನಿಯಲ್ಲಿ ಕೂತು ಹುರಳಿಕಾಯಿಯ ನಾರು ತೆಗೆಯುತ್ತಿದ್ದರು. ತೆಗೆದು ಮುಗಿಸಿದರು. ಆಮೇಲೆ ನಾನು ಎಣಿಸದೇ ಇದ್ದ ಮಾತು ಹೇಳಿದರು.

"ನಂಗೂ ಬಂದಿತ್ ವಾಸ್ನಿ."

"ಯಾವಾಗ?"

"ಕೂಕಂಬತಿಗೇ. ಕೈ ತೊಳುಕ್ ಅಂದೇಳಿ ಎದ್ದ್ ಹೋದ್ದೆಂತಕ್ ಅಂದ್ ಮಾಡಿದ್ದೆ ನೀನ್? ಹಿಂದಿನ್ ಬಾಗ್ಲ್ ಹುಡ್ಕುಕೆ."

ಕೂತಾಗಲೇ ವಾಸನೆ ತಿಳಿದು, ಪದ್ಧತಿಯಂತೆ ಹಿಂದಿನ ಬಾಗಿಲಿಗೆ ಹೋಗಿ ಅಡುಗೆಯವರ ಕಿವಿಯಲ್ಲಿ ಹೇಳಲು ಅಪ್ಪಯ್ಯ ಹೊರಟಿದ್ದರು. ಆದರೆ ಮಾಲಿನ ರೆಸ್ಟೋರೆಂಟಿಗೆ ಹಿಂದಿನ ಬಾಗಿಲು ಎಲ್ಲಿದೆ? ಇದ್ದ ಒಂದು ಬಾಗಿಲ ಹತ್ತಿರ ಹೋದರೆ ಸಮವಸ್ತ್ರದವನೊಬ್ಬ ಬಹಳ ಮರ್ಯಾದೆಯಿಂದ ಅವರ ಬೆನ್ನ ಮೇಲೆ ಕೈಯಿಟ್ಟು, ಅಂಕಲ್, ವಾಶ್‌ರೂಮ್ ಆ ಕಡೆ ಎಂದು ತಿರುಗಿಸಿದ್ದಾನೆ. ನನಗೆ ವಾಶ್‌ರೂಮ್ ಬೇಡ ಎನ್ನಲು ಅಪ್ಪಯ್ಯನಿಗೆ ಸಂಕೋಚ. ಅಷ್ಟು ಮರ್ಯಾದೆಯಿಂದ ತೋರಿಸಿದ್ದಾನಲ್ಲ. ಆ ಕಡೆಗೇ ಹೋಗಿ, ಕೈ ಕೊಳೆಯಾಗಿರದಿದ್ದರೂ ಸೋಪು ಹಚ್ಚಿ ತೊಳೆಯುತ್ತ, ಇನ್ನು ಯಾರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ನಿಂತಿದ್ದಾರೆ.

"ನಿಂತಲ್ಲಿಂದ ಒಂದ್ ಕೂಗ್ ಹಾಕ್ಕಿತ್ ಹೆಣೆ," ಎಂದರು. "ಮೂವತ್ತೆಂಟ್ ವರ್ಷ ಒಲೆ ಕಂಡವ. ಕೂಗುಕೆ ಬತ್ತಿಲ್ಲೆ ಅಂದ್ರೆ ಎಂತ ಸಾವ್ ಮಾರಾಯ್ತಿ."

ಮೂರು ವಾರದಿಂದ ಅವರಿಗೂ ನಿದ್ದೆ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಸರದಿಯ ಮೇಲೆ ಎದ್ದು ಒಂದೇ ರೆಗ್ಯುಲೇಟರ್ ಮುಟ್ಟಿ ಮಲಗುತ್ತಿದ್ದೆವು.

ಬುಧವಾರ ನಾನು ಅರ್ಧ ದಿನ ರಜೆ ಹಾಕಿದೆ. ಅಪ್ಪಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದರು. ಪ್ಯಾಂಟ್ರಿಗೆ ಹೊಸ ಬಾಗಿಲು ಹಾಕಿ ರೆಸ್ಟೋರೆಂಟ್ ಮತ್ತೆ ಶುರುವಾಗಿತ್ತು. ಮಧ್ಯಾಹ್ನ ಮೂರಕ್ಕೆ ಜನವಿರಲಿಲ್ಲ. ಟೈ ಕಟ್ಟಿದ ಮ್ಯಾನೇಜರ್ ನಾವು ಬಂದದ್ದು ಊಟಕ್ಕಲ್ಲ ಎಂದು ತಿಳಿದ ಮೇಲೂ ನೀರು ತರಿಸಿದ. ಒಳ್ಳೆಯವನೇ. ನಾನು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ನನ್ನ ನಂಬರು ಹುಡುಕಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಆ ದಿನದ ಭೇಟಿಗೆ ಮೇಡಂ ಐದಕ್ಕೆ ಐದು ಕೊಟ್ಟಿದ್ದಾರೆ. ಗ್ಯಾಸಿನ ವಾಸನೆ ಇದ್ದಿದ್ದರೆ ಹೇಗೆ ಕೊಡುತ್ತಿದ್ದಿರಿ? ನಾನಿದನ್ನು ಮೇಲಿನವರಿಗೆ ಕಳಿಸಿದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಇದು.

ಆ ಐದು ಪರದೆಯ ಮೇಲೆ ಹಸಿರು ಬಣ್ಣದಲ್ಲಿತ್ತು. ಅದು ಸುಳ್ಳು ಎಂದೆ. ಬೆಂಕಿ ಹತ್ತಿಕೊಂಡದ್ದಂತೂ ನಿಮಗೇ ಗೊತ್ತಲ್ಲ, ಅದಕ್ಕೂ ಐದು ಕೊಟ್ಟಿದ್ದೇನೆ ನೋಡಿ, ನಾವು ಎಲ್ಲಿಯೂ ಐದೇ ಕೊಡುವುದು, ಕೊಟ್ಟದ್ದೆಲ್ಲ ಸುಳ್ಳೇ ಎಂದೆ. ಇದನ್ನು ಬರವಣಿಗೆಯಲ್ಲಿ ಕೊಡುತ್ತೀರಾ ಎಂದ. ಅಪ್ಪಯ್ಯ ಕೈ ಚಾಚಿ ಕಾಗದ ತೆಗೆದುಕೊಂಡರು. ಅವರಿಗೆ ಬರೆಯಲು ಬರುವುದು ಕನ್ನಡವೊಂದೇ. ಬೆಳಿಗ್ಗೆ ಹೋಟೆಲಿನ ಅಡುಗೆಮನೆಯ ಕರಿಹಲಗೆಯ ಮೇಲೆ ತಿಂಡಿಯ ಹೆಸರು ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದರು. ಏಳು ನಲವತ್ತಕ್ಕೆ ಗ್ಯಾಸಿನ ವಾಸನೆ ಇತ್ತು. ನನಗೂ ನನ್ನ ಮಗಳಿಗೂ ಮೊಮ್ಮಗಳಿಗೂ ಗೊತ್ತಾಗಿದೆ. ಸುನೀತಾ ಬಾಯಿ ಅದಕ್ಕೆ ಮೊದಲು ಅರ್ಧ ಗಂಟೆ ಬಾಗಿಲು ಬಿಟ್ಟು ಹೋಗಿಲ್ಲ. ನಾವು ಆಗಲೇ ಹೇಳದೆ ತಪ್ಪು ಮಾಡಿದ್ದೇವೆ. ಕೆಳಗೆ ಸಹಿ. ಅದರ ಕೆಳಗೆ ನಾನು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಅಪ್ಪಯ್ಯ ಟೋಕನ್ ಪುಸ್ತಕ ತೆಗೆಸಿ ನೋಡಲು ಹೇಳಿದರು. ಆ ಸಂಜೆಯ ಹಾಳೆಯಲ್ಲಿ ಏಳು ಹತ್ತರಿಂದ ನಲವತ್ತರ ತನಕ ಎರಡು ನಿಮಿಷ, ಮೂರು ನಿಮಿಷಕ್ಕೊಂದರಂತೆ ಹೆಸರುಗಳು, ಎಲ್ಲ ಒಂದೇ ಕೈಬರಹ. ಮ್ಯಾನೇಜರ್ ಸಾಲು ಸಾಲಾಗಿ ಬೆರಳಿಟ್ಟು ನೋಡಿದ. ಹಾಳೆಯ ಫೋಟೋ ತೆಗೆದುಕೊಂಡ. ನಾವು ಹೊರಡುವಾಗ, ರೂಢಿಯೋ ಏನೋ, ಬಾಗಿಲಲ್ಲಿದ್ದವರು ಕಾರ್ಡು ಕೊಟ್ಟರು. ಅಪ್ಪಯ್ಯ ಕೈ ಮುಗಿದು ವಾಪಸು ಕೊಟ್ಟರು.

ಆ ರಾತ್ರಿ ನಿದ್ದೆ ಬಂತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಇನ್ನೂ ಒಂಬತ್ತು ದಿನ ಬರಲಿಲ್ಲ.

ಹತ್ತನೆಯ ದಿನ, ಶನಿವಾರ ಸಂಜೆ ಸುನೀತಾ ನಮ್ಮ ಮನೆಗೆ ಬಂದಳು. ದಿವಾದಲ್ಲಿ ಇಳಿಯದೆ ಡೊಂಬಿವಲಿಗೆ ಬಂದು, ಕಾಗದದ ಕೆಳಗೆ ಬರೆದಿದ್ದ ವಿಳಾಸ ಹಿಡಿದು, ನಮ್ಮ ವಸತಿ ಸೊಸೈಟಿಯ ಹೆಸರು ಕೇಳಿಕೊಂಡು ಬಂದಿದ್ದಳು. ಪಟ್ಟಿ ಬಿಚ್ಚಿತ್ತು. ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಮಿರುಗುತ್ತಿತ್ತು. ಪೈಪಿನ ಜೋಡಣೆಯೇ ಸಡಿಲವಿತ್ತೆಂದು ಮೇಲಿನವರು ಒಪ್ಪಿದ್ದಾರಂತೆ. ಸೋಮವಾರದಿಂದ ಠಾಣೆಯ ಶಾಖೆಗೆ ಬಾ ಎಂದಿದ್ದಾರಂತೆ. ನಮ್ಮ ಕಾಗದವನ್ನು ಮ್ಯಾನೇಜರ್ ಅವಳಿಗೂ ಓದಿ ಹೇಳಿದ್ದ. ಅಪ್ಪಯ್ಯ ಅವಳನ್ನು ಕೂರಿಸಿ ತಾವೇ ಒಳಗೆ ಹೋಗಿ ಕಾಫಿ ಮಾಡಿ ತಂದರು. ಅವಳು ಬಟ್ಟಲು ಹಿಡಿದಳು, ಕುಡಿಯಲಿಲ್ಲ.

"ತಾಈ," ಎಂದಳು ನನಗೆ ಮರಾಠಿಯಲ್ಲಿ, "ತೇವ್ಹಾಚ ಕಾ ನಾಹೀ ಸಾಂಗಿತಲಂತ?"

ಅಕ್ಕ, ಆಗಲೇ ಯಾಕೆ ಹೇಳಲಿಲ್ಲ. ಧ್ವನಿ ಏರಿಸಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ. ಸುಮ್ಮನೆ ಕೇಳಿ, ಉತ್ತರಕ್ಕೆ ಕಾದಳು.

ಅಪ್ಪಯ್ಯ ತಮ್ಮ ಹೋಟೆಲ್ ಮರಾಠಿಯಲ್ಲಿ, ನಮ್ಮಲ್ಲೊಂದು ರೂಢಿ ಇದೆ ಬಾಯಿ ಎಂದು ಶುರು ಮಾಡಿ ಅಲ್ಲೇ ನಿಂತರು. ಆ ಕೈಯೆದುರು ಆ ರೂಢಿಯನ್ನು ವಿವರಿಸಲು ಅವರಿಗೆ ಆಗಲಿಲ್ಲ. ನೆಲದ ಮೇಲೆ ಹೊಟ್ಟೆಯಡಿ ದಿಂಬು ಹಾಕಿಕೊಂಡು ಭೂಪಟಕ್ಕೆ ಬಣ್ಣ ತುಂಬುತ್ತಿದ್ದ ಇಶಾ ತಲೆ ಎತ್ತದೆ ಹೇಳಿದಳು:

"ಮೈನೇ ಬೋಲಾ ಥಾ. ಮಮ್ಮಿ ನೇ ಚುಪ್ ಕರಾಯಾ."

ನಾನು ಹೇಳಿದ್ದೆ, ಮಮ್ಮಿ ಬಾಯಿ ಮುಚ್ಚಿಸಿದಳು. ದೂರೂ ಇರಲಿಲ್ಲ ಅದರಲ್ಲಿ. ಪಾಠದ ಉತ್ತರ ಹೇಳಿದಂತೆ.

ಸುನೀತಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಹೌದು ಎಂದೆ. ಹೌದು, ಅವಳು ಹೇಳಿದ್ದಳು, ನಾನು ಮೊಣಕೈ ಒತ್ತಿದೆ. ಆ ಮಾತನ್ನು ಬಾಯಿಬಿಟ್ಟು ಸುನೀತಾಳಿಗೆ ಹೇಳಿದ್ದು ಅದೇ ಮೊದಲು. ಸುನೀತಾ ಬಟ್ಟಲು ಕೆಳಗಿಟ್ಟು, ಬಗ್ಗಿ, ಸುಟ್ಟ ಕೈಯಿಂದಲೇ ಇಶಾಳ ಗಲ್ಲ ಹಿಡಿದೆತ್ತಿ, ಇನ್ನೊಮ್ಮೆ ಹಾಗಾದರೆ ಮಮ್ಮಿಗೆ ಹೇಳಬೇಡ, ಎದ್ದು ನಿಂತು ಇಡೀ ಹೋಟೆಲಿಗೆ ಕೇಳುವಂತೆ ಕಿರುಚು ಎಂದಳು. ಇಶಾ, ಎಷ್ಟು ಜೋರಾಗಿ ಎಂದು ಕೇಳಿದಳು. ಸುನೀತಾ, ಈಗ ಕಿರುಚಿ ತೋರಿಸು ನೋಡೋಣ ಎಂದಳು. ಇಶಾ ಕಿರುಚಿದಳು. ಎದುರು ಮನೆಯವರು ಬಾಗಿಲು ತೆರೆದರು, ಮೇಲಿನ ಮಹಡಿಯಿಂದ ಯಾರೋ ಕ್ಯಾ ಹುವಾ ಎಂದರು. ಸುನೀತಾ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಏಳು ಇಪ್ಪತ್ತರ ಸ್ಲೋ ಸಿಗಬೇಕೆಂದು ಎದ್ದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಲಿಫ್ಟಿನ ತನಕ ಹೋಗಿ ಬಿಟ್ಟು ಬಂದೆ.

ಅಂದು ಊಟ ಮಾಡಿ ಸ್ವಲ್ಪ ಅಡ್ಡಾಗೋಣವೆಂದು ಮಗಳ ಪಕ್ಕದಲ್ಲಿ ಮಲಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಕಿಟಕಿಯ ಸರಳಿನ ನೆರಳು ಗೋಡೆಯಿಂದ ಇಳಿದು ನೆಲಕ್ಕೆ ಬಂದಿತ್ತು. ಹಾಲಿನವನು ಬಂದು ಹೋಗಿದ್ದ, ಅದು ನನಗೆ ಕೇಳಿಸಿರಲಿಲ್ಲ. ಇಶಾಳ ಒಂದು ಕಾಲು ನನ್ನ ಹೊಟ್ಟೆಯ ಮೇಲಿತ್ತು. ಕೆಳಗೆ ಯಾರೋ ಸ್ಕೂಟರಿಗೆ ಒದ್ದು ಒದ್ದು ಸಾಕಾಗಿ ಬೈಯುತ್ತಿದ್ದರು. ಒಳಕೋಣೆಯಿಂದ ಅಪ್ಪಯ್ಯನ ಗೊರಕೆ ಬರುತ್ತಿತ್ತು, ಬಹಳ ಜೋರಾಗಿ. ಭಾನುವಾರ. ಮಗಳ ಕಾಲನ್ನು ಹಾಗೆಯೇ ಬಿಟ್ಟು ಮಗ್ಗುಲಾದೆ.